ಬೆಳಗಬಾರದಿದ್ದ ದೀಪ

ಮಾಲ್ಮೋದಲ್ಲಿ ಹಳೆಯ ದೀಪಗಳನ್ನು ರಿಪೇರಿ ಮಾಡುವ ಸಣ್ಣ ಅಂಗಡಿಯೊಂದರಲ್ಲಿ ನನಗೆ ಕೆಲಸ. ದಕ್ಷಿಣ ಸ್ವೀಡನ್ ಇಂಥ ದೀಪಗಳ ತವರು. ವಿಟ್ಶೋ ಎಂಬ ಊರಿನಲ್ಲಿ ಊನೋ ಮತ್ತು ಓಸ್ತೆನ್ ಕ್ರಿಸ್ಟಿಯಾನ್ಸನ್ ಅವರ ಲುಕ್ಸಸ್ ಕಾರ್ಖಾನೆ ತೇಗ, ಓಕ್ ಮರದ ದೀಪಗಳನ್ನು ಮಾಡುತ್ತಿತ್ತು. ಮಾರ್ಕರಿಡ್‌ನ ಹಾನ್ಸ್-ಅಗ್ನೆ ಯಾಕೋಬ್ಸನ್ 1950ರ ದಶಕದಿಂದ ಹಿತ್ತಾಳೆಯಲ್ಲಿ ಹೆಸರು ಮಾಡಿದವರು. ಆ ಕಾಲದ ತೂಗುದೀಪಗಳು ಇಂದಿಗೂ ಇಲ್ಲಿನ ಊಟದ ಮೇಜುಗಳ ಮೇಲೆ ಉರಿಯುತ್ತಿವೆ, ನಮ್ಮ ಬೆಂಚಿಗೂ ಬರುತ್ತಿವೆ.

ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಅಂಥದ್ದೊಂದು ಬಂತು. ಹಿತ್ತಾಳೆಯ ಛತ್ರಿ, ಮೇಲೆ ಓಕ್ ಮರದ ಕುತ್ತಿಗೆ. ಚೀಟಿಯಲ್ಲಿ ಬರೆದದ್ದು ಒಂದೇ ಸಾಲು: ವೈರ್ ಬದಲಿಸಿ. ಅದು ಬೇಕಾದ ಕೆಲಸವೇ. ಹಳೆಯ ರಬ್ಬರ್ ಹೊದಿಕೆ ಬೆರಳು ತಾಕಿದರೆ ಪುಡಿಯಾಗುತ್ತಿತ್ತು. ಒಳಗಿನ ತಂತಿ ಹಿತ್ತಾಳೆಗೆ ತಗುಲಿದರೆ ಇಡೀ ದೀಪವೇ ಶಾಕ್ ಹೊಡೆಯುತ್ತದೆ, ಅರ್ತಿಂಗ್ ಅಂತೂ ಇರಲಿಲ್ಲ. ಒಂದು ಗಂಟೆಯಲ್ಲಿ ಮುಗಿಸಿದೆ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಕಂದು ಬಣ್ಣಕ್ಕೆ ತಿರುಗಿದ ಆ ಛತ್ರಿಯನ್ನು ನೋಡಿ ನನ್ನ ಕೈ ಸುಮ್ಮನಿರಲಿಲ್ಲ. ಶುಕ್ರವಾರ ಬಂತೆಂದರೆ ಹುಣಸೆಹಣ್ಣು ಹಚ್ಚಿ ದೀಪದ ಕಂಬ ಬೆಳಗಿದ ಮನೆಯಲ್ಲಿ ಬೆಳೆದವಳು ನಾನು. ಕಪ್ಪಾದ ಹಿತ್ತಾಳೆ ಎಂದರೆ ಹೆಂಗಸರಿಗೆ ಮೈಗಳ್ಳತನ ಎಂದೇ ಅರ್ಥ. ಊಟದ ಡಬ್ಬಿಯ ಜೊತೆ ಹುಣಸೆಯನ್ನೂ ತಂದು, ಛತ್ರಿಯ ಒಳಗೂ ಹೊರಗೂ ತಿಕ್ಕಿ, ತೊಳೆದು, ಕನ್ನಡಿಯಂತೆ ಮಾಡಿ ಮನೆಗೆ ಹೋದೆ. ಬೆನ್ನು ತಟ್ಟುತ್ತಾರೆ ಎಂಬ ಆಸೆಯೂ ಇತ್ತೆನ್ನಿ.

ಬೆಳಿಗ್ಗೆ ಬಂದು ನೋಡಿದರೆ ಓಕ್ ಕುತ್ತಿಗೆಯ ಮೇಲೆ ಶಾಯಿ ಚೆಲ್ಲಿದಂತೆ ನೀಲಿಗಪ್ಪು ಗೆರೆಗಳು. ಹಿತ್ತಾಳೆಯ ಬಳೆಯ ಕೆಳಗೆ ಉಕ್ಕಿನ ಸ್ಕ್ರೂಗಳಿದ್ದುದನ್ನು ನಾನು ಬಿಚ್ಚಿ ನೋಡಿರಲೇ ಇಲ್ಲ. ಹುಳಿನೀರು ಅಲ್ಲಿಗೆ ಇಳಿದಿತ್ತು. ಓಕ್‌ನಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಹೆಚ್ಚು. ಕಬ್ಬಿಣ ಮತ್ತು ನೀರು ಸೇರಿದರೆ ಅದು ಶಾಯಿಯೇ ಆಗುತ್ತದೆ.

ಯಜಮಾನ ಬಂದ. (ಇಲ್ಲಿ ಎಪ್ಪತ್ತರ ಯಜಮಾನನನ್ನೂ ಏಕವಚನದಲ್ಲೇ ಮಾತನಾಡಿಸಬೇಕು, ನನ್ನ ನಾಲಿಗೆಗೆ ಅದು ರೂಢಿಯಾಗಲು ವರ್ಷಗಳೇ ಹಿಡಿದವು.) ಅವನು ಬೈಯಲಿಲ್ಲ. ದೀಪವನ್ನು ಕೊಕ್ಕೆಗೆ ತೂಗುಹಾಕಿ, ಬಲ್ಬು ಹಾಕಿ, "ಕೆಳಗೆ ಕೂತುಕೋ" ಎಂದ. ಕೂತೆ. ಛತ್ರಿಯ ಒಳಮೈಯಲ್ಲಿ ಬಲ್ಬಿನ ಬಿಂಬ ಬಿದ್ದು ನೇರ ಕಣ್ಣಿಗೆ ಹೊಡೆಯಿತು. ಕಣ್ಣು ಕಿರಿದು ಮಾಡಿದೆ.

"ಇದರ ಕೆಳಗೆ ಊಟ ಮಾಡುತ್ತೀಯಾ?" ಎಂದಷ್ಟೇ ಕೇಳಿದ.

ಸಮುದ್ರದ ಸೇತುವೆಯಾಚೆ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ದೀಪ ವಿನ್ಯಾಸಕ ಪೌಲ್ ಹೆನ್ನಿಂಗ್‌ಸೆನ್ 1920ರ ದಶಕದಿಂದ ತಲೆಕೆಡಿಸಿಕೊಂಡದ್ದೇ ಈ ಸಮಸ್ಯೆಗೆ: ಬೆಳಕು ಬರಬೇಕು, ಬಲ್ಬು ಕಾಣಬಾರದು. ಅವರ 1958ರ ಆರ್ಟಿಚೋಕ್ ಎಂಬ ದೀಪದ 72 ಲೋಹದ ಎಲೆಗಳು ಇರುವುದು ಅದಕ್ಕೇ. ಡಿಸೆಂಬರ್‌ನಲ್ಲಿ ನಾಲ್ಕಕ್ಕೂ ಮುಂಚೆ ಸೂರ್ಯ ಮುಳುಗುವ ಊರಿನಲ್ಲಿ ಮೇಜಿನ ಮೇಲಿನ ಬೆಳಕು ಸಣ್ಣ ವಿಷಯವಲ್ಲ. ನಾನು ಕೊಳೆ ಎಂದು ಉಜ್ಜಿ ತೆಗೆದದ್ದು ಆ ಬೆಳಕನ್ನು ಮೆತ್ತಗೆ ಮಾಡುತ್ತಿದ್ದ ಪದರವನ್ನು. ಸಾಲದ್ದಕ್ಕೆ, ಹುಳಿ ಹೆಚ್ಚು ಹೊತ್ತು ನಿಂತ ಕಡೆ ಹಿತ್ತಾಳೆ ತಾಮ್ರದಂತೆ ಕೆಂಪಗಾಗಿತ್ತು.

ಓಕ್‌ನ ಕಲೆಯನ್ನು ಆಕ್ಸಾಲಿಕ್ ಆಮ್ಲದಿಂದ ತೆಗೆದೆವು, ಉಕ್ಕಿನ ಸ್ಕ್ರೂಗಳ ಜಾಗಕ್ಕೆ ಹಿತ್ತಾಳೆಯವು ಬಂದವು. ಛತ್ರಿಗೆ ಮಾತ್ರ ಮದ್ದಿರಲಿಲ್ಲ. ದೀಪದ ಒಡತಿಗೆ ಫೋನ್ ಮಾಡಿ ನಾನೇ ಹೇಳಬೇಕಾಯಿತು. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಅಪ್ಪನ ಮನೆಯದು ಅದು" ಎಂದರು. ನಾವು ಕೂಲಿ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ಇನ್ನೂ ಕಷ್ಟವಾಗುತ್ತಿತ್ತು.

ಈಗ ಬಂದ ದೀಪದ ಫೋಟೋ ಮೊದಲು, ಆಮೇಲೆ ಆಯಸ್ಕಾಂತ: ಅಂಟಿದರೆ ಒಳಗೆಲ್ಲೋ ಉಕ್ಕಿದೆ. ಗಿರಾಕಿಯನ್ನು ಕೇಳದೆ ಒದ್ದೆ ಬಟ್ಟೆಯನ್ನೂ ಮುಟ್ಟಿಸುವುದಿಲ್ಲ.

ಕಳೆದ ದೀಪಾವಳಿಗೆ ಯಜಮಾನನನ್ನು ಮನೆಗೆ ಕರೆದಿದ್ದೆ. ದೇವರ ಮುಂದಿನ ಕಂಬವನ್ನು ಕನ್ನಡಕ ಏರಿಸಿ ನೋಡಿ, "ಹೊಸದು ಕೊಂಡೆಯಾ?" ಎಂದ.

"ನನ್ನ ಅಜ್ಜಿಯದು" ಎಂದೆ.