ಎಂಜಿನ್ ಬಿಸಿಯಾಗುವುದು ಯಾವಾಗ? ಮೊದಲು ಅದನ್ನು ಕೇಳಿ

ಹೀಟ್ ಆಗುತ್ತಿದೆ ಎಂದು ಬಂದ ಗಾಡಿಗೆ ಮೊದಲು ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ತಣಿಸುವ ದ್ರವದ ದಾರಿ ತೆರೆದು ಮುಚ್ಚುವ ವಾಲ್ವ್), ಅದಕ್ಕೂ ಬಗ್ಗದಿದ್ದರೆ ರೇಡಿಯೇಟರ್, ಕೊನೆಗೆ ವಾಟರ್ ಪಂಪ್, ಹೀಗೆ ಒಂದೊಂದಾಗಿ ಬದಲಿಸುತ್ತ ಹೋಗುವ ಅಭ್ಯಾಸ ನಮ್ಮ ಕೆಲಸದಲ್ಲಿ ಬಹಳ ಇದೆ. ಇದರಿಂದ ಮಾಲೀಕರ ಹಣವಷ್ಟೇ ಹೋಗುವುದಿಲ್ಲ. ಮೂಲ ದೋಷ ಹಾಗೇ ಉಳಿದು, ನಡುವೆ ಒಮ್ಮೆ ಎಂಜಿನ್ ಜೋರಾಗಿ ಕಾದರೆ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಎರಡು ಪ್ರಶ್ನೆಗೆ ಖಚಿತ ಉತ್ತರ ಬೇಕು: ಯಾವಾಗ ಬಿಸಿಯಾಗುತ್ತದೆ? ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಕಡಿಮೆಯಾಗುತ್ತಿದೆಯೇ?

ನಿಂತಲ್ಲಿ ಅಥವಾ ನಿಧಾನದ ಟ್ರಾಫಿಕ್‌ನಲ್ಲಿ ಏರಿ, ವೇಗ ಹಿಡಿದೊಡನೆ ಇಳಿಯುವ ಬಿಸಿಗೆ ಸಾಮಾನ್ಯವಾಗಿ ಗಾಳಿಯ ಕೊರತೆ ಕಾರಣ. ಓಡುವಾಗ ಎದುರುಗಾಳಿ ರೇಡಿಯೇಟರನ್ನು ತಣಿಸುತ್ತದೆ, ನಿಂತಾಗ ಆ ಕೆಲಸ ಪೂರ್ತಿ ಫ್ಯಾನಿನದು. ಎಸಿ ಹಾಕಿ ನೋಡಿ. ಹೆಚ್ಚಿನ ಕಾರುಗಳಲ್ಲಿ ಎಸಿ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ, ಎರಡೇ ವಯರಿನ ಮೋಟರ್ ಆಗಿದ್ದಲ್ಲಿ, ಕನೆಕ್ಟರ್ ಬಿಚ್ಚಿ ಫ್ಯೂಸ್ ಇರುವ ವಯರಿನಿಂದ ನೇರವಾಗಿ 12 ವೋಲ್ಟ್ ಕೊಡಿ. ಆಗ ತಿರುಗಿತೆಂದರೆ ಮೋಟರ್ ಸರಿಯಿದೆ. ದೋಷ ಫ್ಯೂಸ್, ರಿಲೇ, ವಯರಿಂಗ್ ಅಥವಾ ಸೆನ್ಸರ್ ಕಡೆ ಇದೆ. ಮೂರು ನಾಲ್ಕು ವಯರು ಬರುವ, ಒಳಗೇ ಕಂಟ್ರೋಲ್ ಮಾಡ್ಯೂಲ್ ಇರುವ ಫ್ಯಾನಿಗೆ ಹೀಗೆ ನೇರ ಸಪ್ಲೈ ಕೊಡಬಾರದು, ಮಾಡ್ಯೂಲ್ ಸುಟ್ಟುಹೋಗುತ್ತದೆ. ಅದನ್ನು ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್‌ನಿಂದಲೇ ಓಡಿಸಿ ನೋಡಬೇಕು.

ಫ್ಯಾನ್ ತಿರುಗಿದ ಮಾತ್ರಕ್ಕೆ ಪಾಸಾಯಿತು ಅಂದುಕೊಳ್ಳಬೇಡಿ. ಅದು ತಿರುಗುತ್ತಿರುವಾಗಲೇ ಮೋಟರ್ ಕನೆಕ್ಟರಿನಲ್ಲಿ ವೋಲ್ಟೇಜ್ ಅಳೆಯಿರಿ. ಪೂರ್ಣ ವೇಗದಲ್ಲಿ ಬ್ಯಾಟರಿಯ ವೋಲ್ಟೇಜಿಗಿಂತ ಅರ್ಧ ವೋಲ್ಟನ್ನೂ ಮೀರಿ ಕಡಿಮೆ ಬಂದರೆ ಎಲ್ಲೋ ರಿಲೇ ಪಿನ್ ಸುಟ್ಟಿದೆ ಅಥವಾ ಅರ್ಥ್ ಸಡಿಲವಾಗಿದೆ. ವೋಲ್ಟೇಜ್ ಪೂರ್ತಿ ಬಂದೂ ನಿಧಾನ ತಿರುಗಿದರೆ ಮೋಟರಿನ ಬ್ರಷ್ ಸವೆದಿರುತ್ತದೆ. ಎರಡು ವೇಗದ ಫ್ಯಾನಿನಲ್ಲಿ ರೆಸಿಸ್ಟರ್ ಹೋದರೆ ಕಡಿಮೆ ವೇಗ ಇಲ್ಲವಾಗುತ್ತದೆ. ಉಷ್ಣತೆ ಇನ್ನೂ ಮೇಲೇರಿದ ಮೇಲೆ ಫ್ಯಾನ್ ಒಮ್ಮೆಲೇ ಜೋರಾಗಿ ಶುರುವಾಗುತ್ತದೆ. ಮೋಟರ್ ಬದಲಿಸಿದ ಗಾಡಿಯಲ್ಲಿ ವಯರು ಅದಲುಬದಲಾಗಿ ಫ್ಯಾನ್ ಉಲ್ಟಾ ತಿರುಗುವುದೂ ಉಂಟು. ರೇಡಿಯೇಟರಿನ ಹಿಂದಿರುವ ಫ್ಯಾನ್ ಗಾಳಿಯನ್ನು ಎಂಜಿನ್ ಕಡೆಗೆ ಎಳೆಯಬೇಕು. ತೆಳು ಕಾಗದ ಹಿಡಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ. ಫ್ಯಾನಿನ ಸುತ್ತ ಇರುವ ಪ್ಲಾಸ್ಟಿಕ್ ಶ್ರೌಡ್ ಮುರಿದಿದ್ದರೆ ಅದನ್ನೂ ಹಾಕಿಸಿ. ಅದಿಲ್ಲದಿದ್ದರೆ ಫ್ಯಾನ್ ತನ್ನ ಸುತ್ತಲಿನ ಗಾಳಿಯನ್ನೇ ಸುತ್ತಿಸುತ್ತ ಇರುತ್ತದೆ.

ಇನ್ನೊಂದು ಬಗೆ ಇದಕ್ಕೆ ತದ್ವಿರುದ್ಧ. ಊರೊಳಗೆ ಸರಿ, ಹೆದ್ದಾರಿಯ ವೇಗದಲ್ಲಿ ಅಥವಾ ಉದ್ದದ ಏರಿನಲ್ಲಿ ಮುಳ್ಳು ಮೇಲೇರುತ್ತದೆ. ಇಲ್ಲಿ ಫ್ಯಾನನ್ನು ಮರೆತು ಕೂಲಂಟಿನ ಹರಿವನ್ನು ನೋಡಿ: ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು, ಥರ್ಮೋಸ್ಟಾಟ್ ಅರ್ಧ ಮಾತ್ರ ತೆರೆಯುತ್ತಿರಬಹುದು, ಪಂಪಿನೊಳಗಿನ ರೆಕ್ಕೆಚಕ್ರ (ಇಂಪೆಲ್ಲರ್) ಸವೆದಿರಬಹುದು ಅಥವಾ ಶಾಫ್ಟಿನ ಮೇಲೆ ಜಾರುತ್ತಿರಬಹುದು. ರೇಡಿಯೇಟರಿನ ಕೆಳಗಿನ ಹೋಸ್ ಪಂಪಿನ ಎಳೆತದ ಕಡೆ ಇರುವುದರಿಂದ, ಅದು ಮೆತ್ತಗಾಗಿದ್ದರೆ ಅಥವಾ ಒಳಗಿನ ಸ್ಪ್ರಿಂಗ್ ತುಕ್ಕು ತಿಂದಿದ್ದರೆ ಹೆಚ್ಚು ಆರ್‌ಪಿಎಂನಲ್ಲಿ ಚಪ್ಪಟೆಯಾಗುತ್ತದೆ. ಐಡಲ್‌ನಲ್ಲಿ ನೋಡಿದರೆ ಇದು ಕಾಣದು. ಗಾಡಿ ನಿಂತಿರುವಾಗ ಇನ್ನೊಬ್ಬರಿಂದ ರೇಸ್ ಕೊಡಿಸಿ, ಕೈ ದೂರವಿಟ್ಟು ಟಾರ್ಚ್ ಹಾಕಿ ನೋಡಬೇಕು. ಹೊರಗಿನ ಕೊಳೆಯನ್ನೂ ಬಿಡಬೇಡಿ. ಮುಂದಿನಿಂದ ಕಾಣುವುದು ಎಸಿ ಕಂಡೆನ್ಸರ್. ಕಸ ಸೇರುವುದು ಅದಕ್ಕೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ.

ರೇಡಿಯೇಟರ್ ಒಳಗೆ ಕಟ್ಟಿದೆಯೇ ಎಂದು ತಿಳಿಯಲು ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಎಂಜಿನ್ ಪೂರ್ತಿ ಕಾದ ಮೇಲೆ ರೇಡಿಯೇಟರಿನ ಟ್ಯೂಬುಗಳಿರುವ ಭಾಗದ, ಅಂದರೆ ಕೋರ್ ಮೇಲೆ ಸಾಲುಸಾಲಾಗಿ ಅಳೆಯಿರಿ. ಬಿಸಿ ಕೂಲಂಟ್ ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಉಷ್ಣತೆ ಕ್ರಮವಾಗಿ ಇಳಿಯಬೇಕು. ನಡುವೆ ಒಂದು ಪಟ್ಟಿ ಮಾತ್ರ ಥಟ್ಟನೆ ತಣ್ಣಗಿದ್ದರೆ ಅಲ್ಲಿನ ಟ್ಯೂಬುಗಳಲ್ಲಿ ಹರಿವಿಲ್ಲ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಈ ಉಪಕರಣ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಅಂಥ ಕಡೆ ಕಪ್ಪು ಟೇಪಿನ ತುಂಡು ಅಂಟಿಸಿ ಅದರ ಮೇಲೆ ಅಳೆಯಬೇಕು.

ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಿ ತೀರ್ಮಾನ ಮಾಡಬೇಡಿ. ಈಗಿನ ಎಷ್ಟೋ ಕಾರುಗಳಲ್ಲಿ ಉಷ್ಣತೆ ಹತ್ತಿಪ್ಪತ್ತು ಡಿಗ್ರಿ ಆಚೀಚೆಯಾದರೂ ಮುಳ್ಳು ನಡುವೆಯೇ ನಿಲ್ಲುವಂತೆ ಮಾಡಿರುತ್ತಾರೆ. ಸ್ಕ್ಯಾನರ್ ಹಾಕಿ ಕೂಲಂಟ್ ಉಷ್ಣತೆಯ ಅಂಕಿಯನ್ನೇ ಓದಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಕೂಲಂಟ್ ಸೆನ್ಸರ್ ಮತ್ತು ಎಂಜಿನ್ ಒಳಗೆಳೆಯುವ ಗಾಳಿಯ ಸೆನ್ಸರ್ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಬೇಕು. ಹತ್ತು ಡಿಗ್ರಿ ಅಂತರ ಕಂಡರೆ ಮೊದಲು ಸೆನ್ಸರನ್ನೇ ಅನುಮಾನಿಸಿ. ಸೆನ್ಸರಿನ ಕನೆಕ್ಟರ್ ಬಿಚ್ಚಿದಾಗ ಸಾಮಾನ್ಯವಾಗಿ ಮೈನಸ್ 40ರ ಆಸುಪಾಸು ಬರುತ್ತದೆ. ಕೆಲವು ಗಾಡಿಗಳು ಅದರ ಬದಲು ಕಂಪ್ಯೂಟರ್ ಊಹಿಸಿದ ಅಂಕಿ ತೋರಿಸುತ್ತವೆ, ಫ್ಯಾನನ್ನೂ ಓಡಿಸುತ್ತವೆ.

ಥರ್ಮೋಸ್ಟಾಟ್ ಹೆಚ್ಚಾಗಿ 82ರಿಂದ 92 ಡಿಗ್ರಿ ಸೆಲ್ಸಿಯಸ್ ನಡುವೆ ತೆರೆಯಲು ಶುರುಮಾಡುತ್ತದೆ. ಅಂಕಿ ಅದರ ಮೇಲೇ ಒತ್ತಿರುತ್ತದೆ. ತೆರೆದೇ ಸಿಕ್ಕಿಕೊಂಡರೆ ಎಂಜಿನ್ ಕಾಯಲು ತಡವಾಗುತ್ತದೆ, ಮೈಲೇಜ್ ಇಳಿಯುತ್ತದೆ, ಸ್ಕ್ಯಾನರ್‌ನಲ್ಲಿ ಪಿ0128 (ಕೂಲಂಟ್ ಸಾಕಷ್ಟು ಕಾಯುತ್ತಿಲ್ಲ ಎಂಬ) ಕೋಡ್ ಬರುತ್ತದೆ. ಮುಚ್ಚಿಯೇ ಉಳಿದರೆ ಶುರುವಾದ ಕೆಲವೇ ನಿಮಿಷಗಳಲ್ಲಿ ಅಂಕಿ ನಿಲ್ಲದೆ ಏರುತ್ತದೆ, ರೇಡಿಯೇಟರ್ ಮಾತ್ರ ತಣ್ಣಗಿರುತ್ತದೆ. ಮೇಲಿನ ಹೋಸ್ ಮುಟ್ಟಿ ನೋಡುವ ಹಳೆಯ ಪದ್ಧತಿಯಲ್ಲಿ ಒಂದು ಎಚ್ಚರ ಬೇಕು. ಹಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಕೆಳಗಿನ ಹೋಸಿನ ಕಡೆ ಇರುತ್ತದೆ. ಅಲ್ಲಿ ಥರ್ಮೋಸ್ಟಾಟ್ ಮುಚ್ಚಿದ್ದರೂ ಮೇಲಿನ ಹೋಸ್ ಬಿಸಿಯಾಗುವುದರಿಂದ ಲೆಕ್ಕ ತಪ್ಪುತ್ತದೆ. ಬಿಚ್ಚಿದ ಥರ್ಮೋಸ್ಟಾಟನ್ನು ದಾರಕ್ಕೆ ಕಟ್ಟಿ, ಪಾತ್ರೆಯ ತಳ ತಾಗದಂತೆ ನೀರಿನಲ್ಲಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿ. ಒತ್ತಿದ ಅಂಕಿಯಿಂದ ಎರಡು ಮೂರು ಡಿಗ್ರಿಯೊಳಗೆ ತೆರೆಯಬೇಕು. ಅನೇಕ ಥರ್ಮೋಸ್ಟಾಟ್‌ಗಳು ಪೂರ್ತಿ ತೆರೆದಾಗ ಸುಮಾರು 8 ಮಿಲಿಮೀಟರ್ ಸರಿಯುತ್ತವೆ. ಮತ್ತೆ ಹಾಕುವಾಗ ಸ್ಪ್ರಿಂಗ್ ಎಂಜಿನ್ ಕಡೆಗೆ, ಗಾಳಿ ಬಿಡುವ ಪುಟ್ಟ ಪಿನ್ ಇದ್ದರೆ ಅದು ಮೇಲಕ್ಕೆ. ಥರ್ಮೋಸ್ಟಾಟ್ ತೆಗೆದುಹಾಕಿ ಗಾಡಿ ಓಡಿಸುವ ಸಲಹೆಯನ್ನು ಯಾರಿಗೂ ಕೊಡಬೇಡಿ. ಎಂಜಿನ್ ಸದಾ ತಣ್ಣಗೆ ಓಡಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ರೇಡಿಯೇಟರ್ ತಪ್ಪಿಸಿ ಎಂಜಿನ್ನಿಗೇ ಮರಳುವ ಬೈಪಾಸ್ ದಾರಿಯನ್ನು ಥರ್ಮೋಸ್ಟಾಟೇ ಮುಚ್ಚಬೇಕಾದ ಎಂಜಿನ್‌ಗಳಲ್ಲಿ ಕೂಲಂಟ್ ರೇಡಿಯೇಟರಿಗೆ ಹೋಗದೆ ಅಲ್ಲೇ ಸುತ್ತಿ ಇನ್ನಷ್ಟು ಕಾಯುತ್ತದೆ.

ಬಿಸಿಯಾದ ಹೊತ್ತಿನಲ್ಲಿ ಕ್ಯಾಬಿನ್ ಹೀಟರ್ ಏನು ಹೇಳುತ್ತದೆ ಎಂಬುದನ್ನು ತುಂಬ ಜನ ಕೇಳುವುದೇ ಇಲ್ಲ. ಎಂಜಿನ್ ಕಾದಿದ್ದೂ ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ಕೂಲಂಟ್ ಮಟ್ಟ ಇಳಿದಿದೆ, ಗಾಳಿ ಸಿಕ್ಕಿಕೊಂಡಿದೆ ಅಥವಾ ಪಂಪ್ ತಳ್ಳುತ್ತಿಲ್ಲ. ಕೂಲಂಟ್ ಪೂರ್ತಿ ಖಾಲಿಯಾದಾಗ ಸೆನ್ಸರ್ ಗಾಳಿಯಲ್ಲಿ ನಿಂತು ಕಡಿಮೆ ಉಷ್ಣತೆ ತೋರಿಸುವುದೂ ಇದೆ. ಮುಳ್ಳು ಇಳಿಯಿತೆಂದು ಧೈರ್ಯದಿಂದ ಓಡಿಸಿದರೆ ಎಂಜಿನ್ ಸೀಜ್ ಆಗುತ್ತದೆ.

ಇನ್ನು ಕೂಲಂಟ್ ಕಡಿಮೆಯಾಗುವ ಪ್ರಶ್ನೆ. ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರಿನ ಕ್ಯಾಪ್ ತೆಗೆದು ಪ್ರೆಶರ್ ಟೆಸ್ಟರ್ ಕೂರಿಸಿ. ಕ್ಯಾಪಿನ ಮೇಲೆ ಬರೆದಷ್ಟೇ ಒತ್ತಡ, ಹೆಚ್ಚಾಗಿ 0.9ರಿಂದ 1.1 ಬಾರ್, ತುಂಬಿ 15 ನಿಮಿಷ ಬಿಡಿ. ಅದಕ್ಕಿಂತ ಹೆಚ್ಚು ಹಾಕಿದರೆ ಒಳ್ಳೆಯ ರೇಡಿಯೇಟರನ್ನೇ ಒಡೆಯುತ್ತೀರಿ. ಮುಳ್ಳು ಇಳಿದರೆ ಹೋಸ್ ಕ್ಲಾಂಪ್‌ಗಳು, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂ ಕೋರಿಗೆ ಸೇರುವ ಅಂಚು, ಪಂಪಿನ ಕೆಳಗಿನ ಪುಟ್ಟ ರಂಧ್ರ, ಎಲ್ಲವನ್ನೂ ನೋಡಿ. ಆ ರಂಧ್ರದ ಸುತ್ತ ಒಣಗಿದ ಬಣ್ಣದ ಪುಡಿ ಕಂಡರೆ ಪಂಪಿನ ಸೀಲ್ ಹೋಗಿದೆ. ಡ್ರೈವರ್ ಪಕ್ಕದ ಸೀಟಿನ ಕಾಲಡಿಯ ಕಾರ್ಪೆಟ್ ಒದ್ದೆಯಿದ್ದು ಸಿಹಿ ವಾಸನೆ ಬಂದರೆ ಸೋರುತ್ತಿರುವುದು ಹೀಟರ್ ಕೋರ್, ಅಂದರೆ ಕ್ಯಾಬಿನ್ ಹೀಟರಿನ ಪುಟ್ಟ ರೇಡಿಯೇಟರ್. ಬರೀ ನೀರಾದರೆ ಎಸಿಯ ಡ್ರೈನ್ ಪೈಪ್ ಕಟ್ಟಿರುತ್ತದೆ.

ಕ್ಯಾಪನ್ನೂ ಅದೇ ಟೆಸ್ಟರಿನಲ್ಲಿ ಪರೀಕ್ಷಿಸಲೇಬೇಕು. ನೀರು ಮತ್ತು ಎಥಿಲೀನ್ ಗ್ಲೈಕಾಲ್ ಸಮಸಮ ಬೆರೆಸಿದ ಕೂಲಂಟ್ ಒತ್ತಡವಿಲ್ಲದಾಗ ಸುಮಾರು 107 ಡಿಗ್ರಿಯಲ್ಲಿ ಕುದಿಯುತ್ತದೆ. ಒಂದು ಬಾರ್ ಒತ್ತಡದ ಕ್ಯಾಪ್ ಅದನ್ನು 125 ದಾಟಿಸುತ್ತದೆ. ಕ್ಯಾಪಿನ ಸ್ಪ್ರಿಂಗ್ ಸೋತರೆ ಬೇರೆ ಎಲ್ಲ ಸರಿಯಿದ್ದೂ ಕೂಲಂಟ್ ಕುದಿದು ಹೊರಗೆ ಉಕ್ಕುತ್ತದೆ. ಕ್ಯಾಪಿನೊಳಗೆ ಇನ್ನೊಂದು ಚಿಕ್ಕ ವಾಲ್ವ್ ಇದೆ. ಎಂಜಿನ್ ತಣಿಯುವಾಗ ಒಳಗೆ ನಿರ್ವಾತವಾಗದಂತೆ ಕಾಯುವುದು ಅದರ ಕೆಲಸ. ಬೆಳಗ್ಗೆ ಮೇಲಿನ ಹೋಸ್ ಒಳಕ್ಕೆ ಕುಗ್ಗಿದ್ದರೆ ಆ ವಾಲ್ವ್ ಅಂಟಿಕೊಂಡಿದೆ ಎಂದರ್ಥ.

ಹೊರಗೆಲ್ಲೂ ಸೋರಿಕೆ ಇಲ್ಲ, ಆದರೂ ಮಟ್ಟ ಇಳಿಯುತ್ತಿದೆ ಎಂದಾಗಲೇ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಸೀಲ್) ಕಡೆ ತಿರುಗಿ. ನಾನು ಹೆಚ್ಚು ನೆಚ್ಚುವ ಪರೀಕ್ಷೆ ಸರಳವಾದುದು: ತಣ್ಣನೆಯ ಎಂಜಿನ್‌ಗೆ ಟೆಸ್ಟರಿನ ಗೇಜ್ ಕೂರಿಸಿ, ಪಂಪ್ ಮಾಡದೆ ಸ್ಟಾರ್ಟ್ ಮಾಡಿ. ಕೂಲಂಟ್ ಕಾಯುವ ಮೊದಲೇ, ಮೊದಲ ಒಂದೆರಡು ನಿಮಿಷದಲ್ಲಿ ಒತ್ತಡ ಏರಿದರೆ ಅದು ಶಾಖದಿಂದ ಬಂದದ್ದಲ್ಲ, ಸಿಲಿಂಡರಿನ ಹೊಗೆ ಒಳಗೆ ನುಗ್ಗುತ್ತಿದೆ. ಗೇಜ್ ಕ್ಯಾಪಿನ ಅಂಕಿ ಮುಟ್ಟುವ ಮೊದಲೇ ಎಂಜಿನ್ ನಿಲ್ಲಿಸಿ. ಇದನ್ನು ರಾಸಾಯನಿಕ ದ್ರವದ ಪರೀಕ್ಷೆಯಿಂದ ಖಚಿತಪಡಿಸಿ: ರೇಡಿಯೇಟರಿನ ಬಾಯಿಯ ಗಾಳಿಯನ್ನು ದ್ರವದ ಮೂಲಕ ಹಾಯಿಸಿದಾಗ ಅದರಲ್ಲಿ ಹೊಗೆ ಇದ್ದರೆ, ಪೆಟ್ರೋಲ್ ಎಂಜಿನ್‌ನಲ್ಲಿ ನೀಲಿ ದ್ರವ ಹಳದಿಗೆ ತಿರುಗುತ್ತದೆ. ರೇಡಿಯೇಟರಿನ ಮಟ್ಟವನ್ನು ಸ್ವಲ್ಪ ಇಳಿಸಿಟ್ಟುಕೊಳ್ಳಿ, ಕೂಲಂಟ್ ದ್ರವದೊಳಗೆ ಬಿದ್ದರೆ ಫಲಿತಾಂಶ ಕೆಡುತ್ತದೆ. ಆಯಿಲ್ ಕ್ಯಾಪಿನ ಅಡಿಯ ಬಿಳಿ ಕೆನೆಯೊಂದನ್ನೇ ಸಾಕ್ಷಿಯಾಗಿ ಹಿಡಿಯಬೇಡಿ. ಚಿಕ್ಕಪುಟ್ಟ ದೂರ ಮಾತ್ರ ಓಡುವ ಗಾಡಿಯಲ್ಲಿ ತೇವ ಕಟ್ಟಿಯೂ ಅದು ಆಗುತ್ತದೆ. ಕೂಲಂಟಿನಲ್ಲಿ ಆಯಿಲ್ ಇದೆ, ಆಯಿಲಿನಲ್ಲಿ ಕೂಲಂಟ್ ಇಲ್ಲ ಎಂದಾದರೆ ಹೆಡ್ ಬಿಚ್ಚುವ ಮೊದಲು ಆಯಿಲ್ ಕೂಲರ್ ಪರೀಕ್ಷಿಸಿ. ಎಂಜಿನ್ ಓಡುವಾಗ ಆಯಿಲ್ ಒತ್ತಡ ಕೂಲಂಟಿಗಿಂತ ಹೆಚ್ಚಿರುವುದರಿಂದ ಕೂಲರ್ ಒಡೆದಾಗ ಆಯಿಲೇ ಆಚೆ ಹೋಗುತ್ತದೆ.

ಕೂಲಂಟಿನ ಬಣ್ಣ ನೋಡಿ ಜಾತಿ ಗುರುತಿಸಲಾಗದು. ಒಂದೊಂದು ಕಂಪನಿ ಒಂದೊಂದು ಬಣ್ಣ ಹಾಕುತ್ತದೆ. ಮ್ಯಾನುಯಲ್ ಹೇಳಿದ್ದನ್ನು ಡಿಸ್ಟಿಲ್ಡ್ ನೀರಿನ ಜೊತೆ ಬಳಸಿ. ಗಡಸು ನೀರು ಒಳಗೆ ಸುಣ್ಣ ಕಟ್ಟಿಸುತ್ತದೆ. ಸೋರಿಕೆ ನಿಲ್ಲಿಸುವ ಪುಡಿ ಅಥವಾ ದ್ರವ ಸುರಿದರೆ ಹೀಟರ್ ಕೋರಿನ ಸಣ್ಣ ಟ್ಯೂಬುಗಳೂ ಕಟ್ಟಿಕೊಳ್ಳುತ್ತವೆ.

ರಿಪೇರಿ ಮುಗಿಸಿ ತುಂಬುವಾಗ ಅವಸರ ಬೇಡ. ಅರ್ಧ ಕೆಲಸ ಹಾಳಾಗುವುದು ಇಲ್ಲೇ. ಗಾಡಿಯ ಮುಂಭಾಗ ಸ್ವಲ್ಪ ಎತ್ತರಿಸಿ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ಬ್ಲೀಡ್ ಸ್ಕ್ರೂ ಇದ್ದರೆ ತೆರೆದು, ಗುಳ್ಳೆಯಿಲ್ಲದ ಕೂಲಂಟ್ ಬರುವವರೆಗೆ ನಿಧಾನವಾಗಿ ಸುರಿಯಿರಿ. ಎಷ್ಟು ಹಿಡಿಯಿತು ಎಂದು ಅಳೆದು ಮ್ಯಾನುಯಲ್‌ನ ಅಂಕಿಯೊಂದಿಗೆ ಹೋಲಿಸಿ. ಪೂರ್ತಿ ಬರಿದು ಮಾಡಿದ ಗಾಡಿ ಐದೂವರೆ ಲೀಟರ್ ಹಿಡಿಯಬೇಕಾದಲ್ಲಿ ನಾಲ್ಕೇ ಹಿಡಿದರೆ ಉಳಿದ ಜಾಗದಲ್ಲಿ ಗಾಳಿ ಇರುವ ಸಾಧ್ಯತೆಯೇ ಹೆಚ್ಚು. ಫ್ಯಾನ್ ಎರಡು ಸಲ ಶುರುವಾಗಿ ನಿಲ್ಲುವವರೆಗೆ ಓಡಿಸಿ. ಬಿಸಿಯಿದ್ದಾಗ ಕ್ಯಾಪ್ ತೆರೆಯಬೇಡಿ, ಒತ್ತಡ ಇಳಿದೊಡನೆ ಕೂಲಂಟ್ ಕುದಿದು ಮುಖಕ್ಕೆ ಚಿಮ್ಮುತ್ತದೆ. ಇಗ್ನಿಷನ್ ಆಫ್ ಇದ್ದರೂ ಫ್ಯಾನ್ ತಾನಾಗಿ ತಿರುಗಬಹುದು, ಬೆರಳು ದೂರವಿರಲಿ. ಮರುದಿನ ಎಂಜಿನ್ ತಣ್ಣಗಿರುವಾಗ ಮಟ್ಟ ನೋಡಿ, ಇಳಿದಷ್ಟು ಸೇರಿಸಿ, ಆಮೇಲೆ ಗಾಡಿ ಕೊಡಿ.