ಬಿಸಿಯಾದ್ಮೇಲೆ ಇಳಿಯದ ರೇಸು

ನನ್ನ ಹಳೇ ಬೈಕು ನನಗಿಂತ ವಯಸ್ಸಲ್ಲಿ ದೊಡ್ಡದು, 350 ಸಿಸಿ, ಒಂದೇ ಸಿಲಿಂಡರ್, ಪಾಯಿಂಟ್ ಇಗ್ನಿಷನ್ (ತೆರೆದು ಮುಚ್ಚೋ ಪುಟ್ಟ ಸ್ವಿಚ್ಚಿಂದ ಕಿಡಿ ಬರೋದು), ಪೆಟ್ರೋಲಿಗೆ ಗಾಳಿ ಬೆರೆಸೋಕೆ ಒಂದು ಸ್ಲೈಡ್ ಕಾರ್ಬೊರೇಟರ್, ಅದರೊಳಗೆ ಸ್ಲೈಡ್ ಅನ್ನೋ ಬಾಗಿಲು ಏರಿ ಇಳಿಯುತ್ತೆ. ಇಷ್ಟೇ ಇರೋದು, ಇದ್ರಲ್ಲಿ ಕೆಡೋಕೆ ಏನಿದೆ ಅಂತ ಎಲ್ಲರ ಹತ್ರಾನೂ ಹೇಳ್ಕೊಂಡು ತಿರುಗ್ತಿದ್ದೆ. ಅದಕ್ಕೇ ಇರಬೇಕು, ಮೂರು ಭಾನುವಾರ ತಿಂದುಹಾಕ್ತು.

ಕಾಯಿಲೆ ಏನಪ್ಪಾ ಅಂದ್ರೆ, ತಣ್ಣಗಿದ್ದಾಗ ಎರಡು ಕಿಕ್ಕಿಗೆ ಸ್ಟಾರ್ಟು, ಚೋಕ್ ತೆಗೆದ್ರೂ ಪರವಾಗಿಲ್ಲ ಅನ್ನೋ ಹಾಗೆ ನಿಲ್ತಿತ್ತು. ಒಂದು ಹತ್ತು ಕಿಲೋಮೀಟರ್ ಓಡಿ ಇಂಜಿನ್ ಚೆನ್ನಾಗಿ ಬಿಸಿಯಾಯ್ತು ಅನ್ನಿ, ಸಿಗ್ನಲ್ಲಲ್ಲಿ ಆಕ್ಸಿಲರೇಟರ್ ಬಿಟ್ರೆ ರೇಸ್ ಇಳಿಯೋದೇ ಇಲ್ಲ, ಮೇಲೇ ನಿಂತ್ಕೊಂಡು ಊಳಿಡ್ತಾ ಇರುತ್ತೆ, ಆಮೇಲೆ ನಿಧಾನಕ್ಕೆ ಇಳಿದು ಇಳಿದು ಒಂದೊಂದ್ಸಲ ಪೂರ್ತಿ ಆಫೇ ಆಗ್ಬಿಡುತ್ತೆ. ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ ಎಷ್ಟರಲ್ಲಿ ನಿಲ್ಬೇಕು ಅಂತ ಹೊಂದಿಸೋ ಐಡ್ಲಿಂಗ್ ಸ್ಕ್ರೂ ಇಳಿಸಿದ್ರೆ ಆಫ್ ಆಗುತ್ತೆ, ಏರಿಸಿದ್ರೆ ಕೂಗುತ್ತೆ, ಮಧ್ಯ ಅನ್ನೋದೇ ಇಲ್ಲ.

ಮೊದಲ ಭಾನುವಾರ ಸುಲಭದ್ದೆಲ್ಲಾ ನೋಡಿದೆ. ಗಾಡಿ ಸ್ಟಾರ್ಟಲ್ಲಿಟ್ಟು ಹ್ಯಾಂಡಲ್ ಆ ಕಡೆ ಈ ಕಡೆ ಪೂರ್ತಿ ತಿರುಗಿಸಿದೆ, ಕೇಬಲ್ ಟೈಟಿದ್ರೆ ಆಗ ರೇಸ್ ಏರ್ಬೇಕು, ಏರಲಿಲ್ಲ. ಪಾಯಿಂಟ್ ಗ್ಯಾಪ್ 0.4 ಎಂಎಂ ಹತ್ರಾನೇ ಇತ್ತು, ರೇಸ್ ಏರಿದ ಹಾಗೆ ಕಿಡಿಯನ್ನ ಬೇಗ ಬರಿಸೋ ಅಡ್ವಾನ್ಸ್ ಯೂನಿಟ್ಟನ್ನ ಕೈಯಲ್ಲಿ ತಿರುಚಿ ಬಿಟ್ರೆ ಟಪ್ ಅಂತ ವಾಪಸ್ ಬಂತು, ಅಂದ್ರೆ ಸ್ಪ್ರಿಂಗ್ ಸೋತಿಲ್ಲ. ವಾಲ್ವ್ ಒತ್ತೋ ಟ್ಯಾಪೆಟ್ಟಿನ ಗ್ಯಾಪೂ ಸರಿ. ಪ್ಲಗ್ ಬಿಚ್ಚಿದ್ರೆ ಮಾತ್ರ ಬೆಳ್ಳಗೆ, ಸುಣ್ಣ ಬಳಿದ ಹಾಗೆ. ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಇಲ್ಲೇ ನಾನು ದಾರಿ ತಪ್ಪಿದ್ದು.

ಪೆಟ್ರೋಲ್ ಕಡಿಮೆ ಬರ್ತಿದೆ ಅಂದ್ರೆ ಪೈಲಟ್ ಜೆಟ್, ಅಂದ್ರೆ ಐಡ್ಲಿಂಗಲ್ಲಿ ಪೆಟ್ರೋಲ್ ಬಿಡೋ ಸಣ್ಣ ತೂತು, ಕಟ್ಕೊಂಡಿದೆ ಅಂತ ತಲೇಲಿ ಕೂತ್ಬಿಡ್ತು. ಎರಡು ವಾರದಲ್ಲಿ ಕಾರ್ಬೊರೇಟರ್ ಮೂರು ಸಲ ಬಿಚ್ಚಿದೆ, ಜೆಟ್ ತೆಗೆದು ಬೆಳಕಿಗೆ ಹಿಡಿದು ನೋಡೋದು, ತೂತು ದುಂಡಗೆ ಕಾಣ್ತಾ ಇದೆ, ಆದ್ರೂ ಇನ್ನೊಂದ್ಸಲ ಊದೋದು, ಮತ್ತೆ ಹಾಕೋದು. ಕಾರ್ಬೊರೇಟರ್ ಬಟ್ಟಲಲ್ಲಿ ಪೆಟ್ರೋಲ್ ಎಷ್ಟು ನಿಲ್ಲುತ್ತೆ ಅನ್ನೋ ಫ್ಲೋಟ್ ಲೆವೆಲ್ ನೋಡಿದೆ, ಏರ್ ಸ್ಕ್ರೂನ ಒಂದೂವರೆ ಸುತ್ತಿಗೆ ತಂದು ಅಲ್ಲಿಂದ ಕಾಲು ಕಾಲು ಸುತ್ತು ಆಡಿಸಿದೆ. ಒಂದು ವಿಷಯ ಇಲ್ಲೇ ಹೇಳ್ಬಿಡ್ತೀನಿ, ಆ ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ರೆ ಗಾಳಿದು, ಬಿಚ್ಚಿದಷ್ಟೂ ಮಿಕ್ಸ್ಚರ್ ಲೀನ್ ಆಗುತ್ತೆ, ಅಂದ್ರೆ ಗಾಳಿ ಜಾಸ್ತಿಯಾಗುತ್ತೆ, ಇಂಜಿನ್ ಕಡೆ ಇದ್ರೆ ಪೆಟ್ರೋಲ್‌ದು, ಲೆಕ್ಕ ಉಲ್ಟಾ. ನನ್ನದು ಫಿಲ್ಟರ್ ಕಡೆ. ಪೂರ್ತಿ ಟೈಟ್ ಮಾಡಿದ್ರೂ, ಅಂದ್ರೆ ಗಾಳಿ ಬಾಗಿಲು ಮುಚ್ಚಿದ್ರೂ, ರೇಸಲ್ಲಿ ಅಂಥ ವ್ಯತ್ಯಾಸ ಇಲ್ಲ. ಬಾಗಿಲು ಹಾಕಿದ್ಮೇಲೂ ಗಾಳಿ ಬರ್ತಿದೆ ಅಂದ್ರೆ ಗೋಡೇಲಿ ಬಿರುಕಿದೆ ಅಂತ ಆಗ್ಲೇ ಹೊಳೀಬೇಕಿತ್ತು, ಹೊಳೀಲಿಲ್ಲ.

ಮೂರನೇ ಭಾನುವಾರ ತಮ್ಮ ಪಕ್ಕದಲ್ಲಿ ಕೂತಿದ್ದ. ಜಾಯಿಂಟಿನ ಸಂದಿಯಿಂದ ಗಾಳಿ ಎಳೀತಿದೆಯಾ ನೋಡೋಕೆ ಕೆಲವರು ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೀತಾರೆ, ಅದು ಬೆಂಕಿ ಹತ್ತೋ ವಸ್ತು, ಬಿಸಿ ಇಂಜಿನ್ ಮೇಲೆ, ಅದೂ ಪಾಯಿಂಟ್ ಕಿಡಿ ಇರೋ ಗಾಡಿ ಮೇಲೆ ಅದನ್ನ ಹೊಡೆಯೋಕೆ ನನಗೆ ಧೈರ್ಯ ಇಲ್ಲ. ಬಟ್ಟೆಗೆ ನೀರು ಚಿಮುಕಿಸೋ ಬಾಟ್ಲಿ ತಗೊಂಡೆ, ಸಂದಿ ಇದ್ರೆ ನೀರು ಅದನ್ನ ಒಂದು ಕ್ಷಣ ಮುಚ್ಚಿ ರೇಸ್ ಇಳಿಯುತ್ತೆ ಅಂತ. ಗಾಡಿ ಊಳಿಡ್ತಾ ಇದೆ, ಕಾರ್ಬೊರೇಟರ್ ಇಂಜಿನ್ ಹೆಡ್ಡಿಗೆ ಕೂರೋ ಜಾಯಿಂಟಿಗೆ ಮೇಲಿಂದ ಹೊಡೆದೆ, ಏನಿಲ್ಲ. ಕೆಳಗಿಂದ ಹೊಡೆದೆ. ಊಳು ತಟ್ಟನೆ ಇಳಿದು ಡಬ್... ಡಬ್... ಡಬ್... ಅಂತ ಒಂದೆರಡು ಸೆಕೆಂಡ್, ನೀರು ಒಳಗೆ ಹೋಯ್ತೇನೋ, ಮತ್ತೆ ಅದೇ ಊಳು.

"ಅಣ್ಣ, ಈಗ ಸರಿಯಾಗಿತ್ತು ಕಣೋ, ಇನ್ನೊಂದ್ಸಲ ಹೊಡಿ" ಅಂದ. ಹೊಡೆದೆ. ಮತ್ತೆ ಡಬ್ ಡಬ್.

ಬಿಚ್ಚಿ ಫ್ಲೇಂಜನ್ನ, ಅಂದ್ರೆ ಕಾರ್ಬೊರೇಟರ್ ಹೆಡ್ಡಿಗೆ ಅಂಟಿ ಕೂರೋ ಚಪ್ಪಟೆ ಮುಖವನ್ನ, ಗಾಜಿನ ತುಂಡಿನ ಮೇಲೆ ಇಟ್ರೆ ಮಧ್ಯದಲ್ಲಿ 0.1 ಎಂಎಂ ಫೀಲರ್ ಗೇಜ್ (ಸಂದಿ ಅಳೆಯೋ ತೆಳು ಪಟ್ಟಿ) ಆರಾಮಾಗಿ ನುಗ್ತು. ನಟ್ಟು ಹಾಕೋ ಎರಡು ಸ್ಟಡ್ ಕೂರೋ ಕಿವಿಗಳು ಹೆಡ್ ಕಡೆಗೆ ಬಾಗಿವೆ, ಹಾಗಾಗಿ ನಟ್ಟು ಎಷ್ಟು ಟೈಟ್ ಮಾಡಿದ್ರೂ ಕಿವಿ ಒತ್ತುತ್ತೆ, ಮಧ್ಯ ಎದ್ದೇ ಇರುತ್ತೆ. ಬಗ್ಗಿಸಿದ್ದು ಯಾರು? ನಾನೇ. ಈ ಕಾಯಿಲೆಗೆ ಮುಂಚಿನಿಂದಲೂ ಪ್ರತಿ ಸಲ ಬಿಚ್ಚಿ ಹಾಕುವಾಗ ಲೀಕಾಗ್ಬಾರ್ದು ಅಂತ ಉದ್ದ ಸ್ಪ್ಯಾನರ್ ಹಾಕಿ ಒಂದೊಂದು ಕಾಲು ಸುತ್ತು ಜಾಸ್ತಿ ಬಿಗೀತಿದ್ದೆ. ಆಕ್ಸಿಲರೇಟರ್ ತೆರೆದಾಗ ಒಳಗೆ ಹೋಗೋ ಗಾಳಿ ಮುಂದೆ ಈ ಕೂದಲೆಳೆ ಸಂದಿ ಲೆಕ್ಕಕ್ಕಿಲ್ಲ, ಸ್ಲೈಡ್ ಮುಚ್ಚಿದಾಗ ಇಂಜಿನ್ ಜೋರಾಗಿ ಹೀರುತ್ತೆ, ಸಿಗೋ ಗಾಳೀನೇ ಅಷ್ಟು, ಆಗ ಇದೇ ದೊಡ್ಡ ಬಾಗಿಲು.

ಫ್ಲೇಂಜ್ ಮುಖಕ್ಕೆ ಮಾರ್ಕರ್ ಪೆನ್ನಲ್ಲಿ ಅಡ್ಡಡ್ಡ ಗೀಟೆಳೆದು, ಗಾಜಿನ ಮೇಲೆ 400ರ ಎಮರಿ ಪೇಪರ್ ಹಾಸಿ, ಎಂಟರ ಆಕಾರದಲ್ಲಿ ಉಜ್ಜೋಕೆ ಶುರು ಮಾಡಿದ್ವಿ. ಮೊದಲು ಕಿವಿ ಮೇಲಿನ ಗೀಟು ಹೋದವು, ಮಧ್ಯದ ಉಂಗುರ ಕಪ್ಪಗೆ ಹಾಗೇ ಇತ್ತು, ಉಜ್ಜಿದಷ್ಟೂ ಆ ಕಪ್ಪು ಸಣ್ಣಗಾಗ್ತಾ ಬಂತು. ಮುಕ್ಕಾಲು ಗಂಟೆ. ಕೈಯೆಲ್ಲಾ ಅಲ್ಯುಮಿನಿಯಂ ಬೂದಿ. ಕೊನೇ ಗೀಟು ಹೋದ್ಮೇಲೆ ಪೆಟ್ರೋಲಲ್ಲಿ ತೊಳೆದು, ಹೊಸ ಪ್ಯಾಕಿಂಗು, ಹೊಸ ಓ ರಿಂಗ್.

ಸ್ಪ್ಯಾನರ್ ತಗೊಳ್ಳೋಕೆ ಹೋದೆ, ತಮ್ಮ ಕೈಯಿಂದ ಕಿತ್ಕೊಂಡ. "ನೀನು ಬೇಡ" ಅಂತ ಹೇಳಿ, ಚಿಕ್ಕ ಸ್ಪ್ಯಾನರಲ್ಲಿ ಆ ಕಡೆ ಸ್ವಲ್ಪ ಈ ಕಡೆ ಸ್ವಲ್ಪ, ಎರಡೂ ಸಮವಾಗಿ ಬಿಗಿದ. ಹದಿನೈದು ಕಿಲೋಮೀಟರ್ ಓಡಿಸ್ಕೊಂಡು ಬಂದು ಆಕ್ಸಿಲರೇಟರ್ ತಿರುವಿ ಬಿಟ್ಟೆ, ಕಲ್ಲು ಬಿದ್ದ ಹಾಗೆ ರೇಸ್ ಕೆಳಗಿಳಿದು ಅಲ್ಲೇ ನಿಂತ್ಕೊಳ್ತು. ಐಡ್ಲಿಂಗ್ ಸ್ಕ್ರೂನ ಎರಡು ಸುತ್ತು ವಾಪಸ್ ತರಬೇಕಾಯ್ತು ಅಷ್ಟೆ.