ಕೆಲಸ ಹೋದರೆ ಇಎಸ್‌ಐ ಕೊಡುವ 90 ದಿನದ ಹಣ: ಯಾರಿಗೆ, ಎಷ್ಟು, ಎಲ್ಲಿ ಕೈತಪ್ಪುತ್ತದೆ

ಪೇ ಸ್ಲಿಪ್‌ನಲ್ಲಿ ತಿಂಗಳು ತಿಂಗಳೂ ಕಡಿತವಾಗುವ ಇಎಸ್‌ಐ (ನೌಕರರ ರಾಜ್ಯ ವಿಮೆ) ಬರೀ ಆಸ್ಪತ್ರೆಗೆ ಅಂತಲೇ ಬಹಳ ಜನ ತಿಳಿದಿದ್ದಾರೆ. ನಿಮ್ಮ 0.75%, ಮಾಲೀಕರ 3.25% ಸೇರಿ ಕಟ್ಟುವ ಆ ವಂತಿಗೆಯಲ್ಲಿ ಕೆಲಸ ಹೋದಾಗಿನ ಪರಿಹಾರವೂ ಇದೆ. ಹೆಸರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರಲ್ಲಿ ಶುರುವಾದಾಗ ಸರಾಸರಿ ದಿನಗೂಲಿಯ 25% ಇತ್ತು, 2020ರಲ್ಲಿ 50% ಆಯಿತು. ಒಟ್ಟು 90 ದಿನ, ಜೀವಮಾನದಲ್ಲಿ ಒಮ್ಮೆ. ಸರ್ಕಾರ ಇದನ್ನು ಕಂತು ಕಂತಾಗಿ ವಿಸ್ತರಿಸುತ್ತ ಬಂದಿದೆ, ಹಾಗಾಗಿ ಅರ್ಜಿ ಹಾಕುವ ಮುಂಚೆ ಈಗ ಯಾವ ದಿನಾಂಕದವರೆಗೆ ಜಾರಿಯಲ್ಲಿದೆ ಅಂತ ಇಎಸ್‌ಐ ಶಾಖಾ ಕಚೇರಿಯಲ್ಲಿ ಕೇಳಿಕೊಳ್ಳಿ.

ಅರ್ಹತೆಯ ಲೆಕ್ಕ ನಿಂತಿರುವುದು ವಂತಿಗೆ ಅವಧಿಗಳ ಮೇಲೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಕೆಲಸ ಹೋಗುವ ಮುಂಚಿನ ಎರಡು ವರ್ಷ ನೀವು ಇಎಸ್‌ಐ ವ್ಯಾಪ್ತಿಯಲ್ಲಿರಬೇಕು. ಕೆಲಸ ಹೋಗುವ ಮುಂಚೆ ಮುಗಿದ ಕೊನೆಯ ಅವಧಿಯಲ್ಲಿ ಕನಿಷ್ಠ 78 ದಿನ, ಅದಕ್ಕೂ ಹಿಂದಿನ ಮೂರರಲ್ಲಿ ಯಾವುದಾದರೂ ಒಂದರಲ್ಲಿ ಮತ್ತೆ 78 ದಿನ ವಂತಿಗೆ ಸಂದಾಯವಾಗಿರಬೇಕು. ನವೆಂಬರ್‌ನಲ್ಲಿ ಕೆಲಸ ಹೋದರೆ ನೋಡುವುದು ಏಪ್ರಿಲ್–ಸೆಪ್ಟೆಂಬರ್ ಅವಧಿಯನ್ನು. ದುರ್ನಡತೆಗಾಗಿ ವಜಾ ಆದವರಿಗೆ, ವಯೋನಿವೃತ್ತಿ ಅಥವಾ ಸ್ವಯಂ ನಿವೃತ್ತಿ ಪಡೆದವರಿಗೆ ಇದು ಇಲ್ಲ. ಸಂಬಳ 21,000 ದಾಟಿ ಇಎಸ್‌ಐನಿಂದ ಹೊರಬಿದ್ದವರಿಗೂ ಈ ಬಾಗಿಲು ಮುಚ್ಚಿದೆ.

ದುಡ್ಡು ಎಷ್ಟು? ನಾಲ್ಕೂ ಅವಧಿಗಳ ಒಟ್ಟು ಸಂಬಳವನ್ನು 730ರಿಂದ ಭಾಗಿಸಿ, ಬಂದದ್ದರಲ್ಲಿ ಅರ್ಧ. ತಿಂಗಳಿಗೆ 18,000ದಂತೆ 24 ತಿಂಗಳಿಗೆ 4,32,000. ದಿನಕ್ಕೆ ಸುಮಾರು 592, ಅರ್ಧ 296, 90 ದಿನಕ್ಕೆ 26,630 ರೂಪಾಯಿಯ ಹತ್ತಿರ. ಇಲ್ಲಿ ಒಂದು ಪೆಟ್ಟಿದೆ. ಸಂಬಳವಿಲ್ಲದ ರಜೆ ಹಾಕಿದ ತಿಂಗಳುಗಳಿದ್ದರೂ ಭಾಗಿಸುವುದು 730ರಿಂದಲೇ. ಅದೇ ವ್ಯಕ್ತಿಗೆ ನಾಲ್ಕು ತಿಂಗಳ ಸಂಬಳ ಇಲ್ಲದಿದ್ದರೆ ಕೈಗೆ ಬರುವುದು 22,190ರ ಆಸುಪಾಸು.

ಅರ್ಜಿಗೆ ಕೆಲಸ ಹೋಗಿ 30 ದಿನ ಆಗಿರಬೇಕು, ಒಂದು ವರ್ಷ ಮೀರಿರಬಾರದು. ಮುಂದೆ ಬರುವ ದಿನಗಳಿಗೆ ಮುಂಗಡವಾಗಿ ಕೇಳುವಂತಿಲ್ಲ. ಇಎಸ್‌ಐ ಪೋರ್ಟಲ್‌ನಲ್ಲಿ ಐಪಿ ನಂಬರ್ (ನಿಮ್ಮ ಇಎಸ್‌ಐ ವಿಮಾ ಸಂಖ್ಯೆ) ಹಾಕಿ ಅರ್ಜಿ ತುಂಬಿ, ಆಧಾರ್ ಪ್ರತಿ, ಬ್ಯಾಂಕ್ ವಿವರ ಅಪ್‌ಲೋಡ್ ಮಾಡಿ. ಅಪ್‌ಲೋಡ್ ಆಗದಿದ್ದರೆ ಅರ್ಜಿಯ ಪ್ರಿಂಟ್ ತೆಗೆದು, ಸಹಿ ಹಾಕಿ, ಅವುಗಳನ್ನು ಜೊತೆಗಿಟ್ಟು ಶಾಖಾ ಕಚೇರಿಗೆ ಕೊಡಿ. ಅಫಿಡವಿಟ್ ಬೇಕೆಂಬ ನಿಯಮ 2020ರಲ್ಲೇ ಹೋಯಿತು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಕೌಂಟರಿಗೆ ಹೋಗಬೇಡಿ, ಅಲ್ಲಿ ನಡೆಯುವುದು ಚಿಕಿತ್ಸೆ. ಹಳೇ ಮಾಲೀಕರ ಮೂಲಕವೇ ಅರ್ಜಿ ಬರಬೇಕೆಂಬ ನಿಯಮ 2020ರಲ್ಲೇ ಹೋಯಿತು. ಅವರು ಫೋನ್ ಎತ್ತದಿದ್ದರೂ ನೀವು ಅರ್ಜಿ ಹಾಕಬಹುದು.

ಹೆಚ್ಚಿನ ಅರ್ಜಿಗಳು ಕೆಡುವುದು ದಾಖಲೆಯಲ್ಲಿ. ಕಾಂಟ್ರಾಕ್ಟರ್ ಬದಲಾದಾಗ ಹಳೇ ಐಪಿ ನಂಬರ್ ಕೇಳದೆ ಹೊಸದು ಮಾಡಿಸಿಬಿಡುತ್ತಾರೆ. ಎರಡು ವರ್ಷದ ಸೇವೆ ಎರಡು ನಂಬರಿನಲ್ಲಿ ಹರಿದುಹೋಗುತ್ತದೆ, ಕಂಪ್ಯೂಟರಿಗೆ ನೀವು ಎಂಟೇ ತಿಂಗಳಿನ ನೌಕರ. ಹೊಸ ಕಡೆ ಸೇರುವ ದಿನವೇ ಹಳೇ ನಂಬರ್ ಬರೆದುಕೊಡಿ. ಈಗಾಗಲೇ ಎರಡಾಗಿದ್ದರೆ ಒಂದಾಗಿಸಲು ಶಾಖಾ ಕಚೇರಿಗೆ ಲಿಖಿತ ಅರ್ಜಿ ಕೊಡಿ. ಎರಡನೆಯದು, ಆಧಾರ್‌ನಲ್ಲಿ ‘ಲಕ್ಷ್ಮಮ್ಮ ಕೆ’, ಪಾಸ್‌ಬುಕ್ಕಿನಲ್ಲಿ ‘ಲಕ್ಷ್ಮೀ’ ಅಂತಿದ್ದರೆ ಹಣ ನಿಲ್ಲುತ್ತದೆ. ಸಂಬಳದಲ್ಲಿ ಕಡಿತವಾಗಿಯೂ ವಂತಿಗೆ ಕಟ್ಟದ ಮಾಲೀಕರೂ ಇದ್ದಾರೆ. ಕೆಲಸದಲ್ಲಿರುವಾಗಲೇ ಆರು ತಿಂಗಳಿಗೊಮ್ಮೆ ಪೋರ್ಟಲ್‌ನಲ್ಲಿ ವಂತಿಗೆಯ ದಿನಗಳನ್ನು ಪೇ ಸ್ಲಿಪ್ ಜೊತೆ ತಾಳೆ ನೋಡಿ. ಪೇ ಸ್ಲಿಪ್ ಬಿಸಾಡಬೇಡಿ, ಕಟ್ಟದ ತಿಂಗಳಿಗೆ ದೂರು ಕೊಡಲು ಅದೇ ಸಾಕ್ಷಿ.

ಕಾರ್ಖಾನೆ ಮುಚ್ಚಿ ಅಥವಾ ಕಾನೂನಿನಂತೆ ರಿಟ್ರೆಂಚ್‌ಮೆಂಟ್ (ಸಿಬ್ಬಂದಿ ಕಡಿತ) ಆಗಿ ಹೊರಬಂದವರು ಇಎಸ್‌ಐನದೇ ಆದ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆಯ ಬಗ್ಗೆಯೂ ಕೇಳಲೇಬೇಕು. 2005ರಿಂದ ಇರುವ ಈ ಭತ್ಯೆ 24 ತಿಂಗಳವರೆಗೆ ಸಿಗುತ್ತದೆ. ಆದರೆ ಅದು ತಾವಾಗಿ ಬಿಟ್ಟವರಿಗಲ್ಲ. ಆದ್ದರಿಂದ ಬಾಗಿಲು ಹಾಕುವ ವಾರದಲ್ಲಿ ‘ಸೆಟಲ್‌ಮೆಂಟ್ ಬೇಗ ಆಗುತ್ತೆ, ಸಹಿ ಹಾಕಮ್ಮ’ ಅಂತ ರಾಜೀನಾಮೆ ಪತ್ರ ಮುಂದಿಟ್ಟರೆ ದಯವಿಟ್ಟು ಸಹಿ ಹಾಕಬೇಡಿ. ಕೆಲಸದಿಂದ ತೆಗೆದದ್ದಕ್ಕೆ ಕಾರಣ ಬರೆದ ಪತ್ರ ಕೇಳಿ ಪಡೆಯಿರಿ.